ದೃಷ್ಟಿಗೆ ಇಂಗ್ಲಿಷ್ ಬರುವುದಿಲ್ಲ

ಅಡುಗೆಮನೆಯ ಕಿಟಕಿ ಯಾವ ಗೋಡೆಯಲ್ಲಿತ್ತು ಎಂಬ ಬಗ್ಗೆ ನನಗೂ ಗೌರತ್ತೆಗೂ ಇವತ್ತಿಗೂ ಜಗಳ. ಮೂಡಲ ಗೋಡೆ ಎಂದು ನಾನು. ಕೊಟ್ಟಿಗೆಯ ಕಡೆಗೆ, ಅಂದರೆ ಬಡಗಲಿಗೆ ಎಂದು ಅವಳು. ಮನೆ ಈಗ ಇಲ್ಲವಾದ್ದರಿಂದ ಹೋಗಿ ನೋಡುವ ಹಾಗಿಲ್ಲ. ನನ್ನ ನೆನಪಿನಲ್ಲಿ ಬೆಳಗಿನ ಬಿಸಿಲು ಆ ಕಿಟಕಿಯ ಸರಳುಗಳಿಂದ ಹಾದು ಅವ್ವನ ಬೆನ್ನ ಮೇಲೆ ನಾಲ್ಕು ಪಟ್ಟಿಯಾಗಿ ಬೀಳುತ್ತದೆ. ಅವಳು ರಾಗಿ ಹಿಟ್ಟು ತೊಳಸುವಾಗ ಆ ಪಟ್ಟಿಗಳೂ ಅಲ್ಲಾಡುತ್ತವೆ. ಬಡಗಲ ಕಿಟಕಿಯಿಂದ ಹಾಗೆ ಬಿಸಿಲು ಬರಲು ಸಾಧ್ಯವಿಲ್ಲ. ಆದ್ದರಿಂದ ಒಂದೋ ಕಿಟಕಿ ಮೂಡಲಿಗಿತ್ತು, ಇಲ್ಲವೇ ಬಿಸಿಲನ್ನು ನಾನು ಬೇರೆಲ್ಲಿಂದಲೋ ತಂದು ಅವ್ವನ ಬೆನ್ನ ಮೇಲೆ ಹಾಕಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಒಂದು ಮೋಡದ ವಿಷಯ ಬರುತ್ತದೆ.

ಹರವೆಯ ಆ ಮನೆಯಲ್ಲಿ ಖುಷಿಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಹಸು ಹೆಣ್ಣುಕರು ಹಾಕಿದರೆ ಅಜ್ಜಿ ಕೊಟ್ಟಿಗೆಯಿಂದ ಹೊರಬಂದು ಕೈ ತೊಳೆಯುತ್ತಾ 'ಏನೋ ಒಂದು ಆಯ್ತು' ಅನ್ನುತ್ತಿದ್ದಳು. ಅವರೆಕಾಯಿಯ ಕಾಲದಲ್ಲಿ ಅವ್ವ ಹಿತಕಿದ ಬೇಳೆಯ ಸಾರು ಮಾಡಿದರೆ ಅಪ್ಪ ಮೂರು ಮುದ್ದೆ ಉಂಡು, ತಟ್ಟೆಯನ್ನು ಬೆರಳಲ್ಲಿ ಬಳಿದು, 'ಉಣ್ಬೋದು' ಎಂದು ಏಳುತ್ತಿದ್ದ. ನೆಂಟರು ಬಂದು ಚೆನ್ನಾಗಿದ್ದೀರಾ ಎಂದರೆ 'ಇಂಗೇ ಇವಿ' ಎಂಬುದೇ ಉತ್ತರ. ಇವೆಲ್ಲದರ ತುತ್ತತುದಿಯಲ್ಲಿ, ಹಬ್ಬದ ಪಾತ್ರೆಯ ಹಾಗೆ ಅಪರೂಪಕ್ಕೆ ಕೆಳಗಿಳಿಸುವ ಒಂದು ಮಾತಿತ್ತು: 'ಇರ್ಲಿ ಬುಡು'. ಹೊಲದ ಬಾವಿಯಲ್ಲಿ ನೀರು ಸಿಕ್ಕಿದ ದಿನ ಅಜ್ಜಿ ಅದನ್ನು ಎರಡು ಸಲ ಹೇಳಿದಳಂತೆ. ಎರಡನೆಯ ಸಲ ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳಂತೆ.

ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ನನಗಿಂತ ಮೊದಲು ಇಬ್ಬರು ಅಣ್ಣಂದಿರು ಹುಟ್ಟಿ ಹೋಗಿದ್ದರು. ಎರಡನೆಯವನಿಗೆ ಹನ್ನೊಂದು ತಿಂಗಳು. ಅವನು ಮೊದಲ ಹೆಜ್ಜೆ ಇಟ್ಟ ದಿನ ಅವ್ವ ಸೇದುವ ಬಾವಿಯ ಹತ್ತಿರ ನಾಲ್ಕು ಹೆಂಗಸರ ಮುಂದೆ, 'ನನ್ ಮಗ ನಡೆದ್ಬುಟ್ಟ ಕಣ್ರವ್ವ, ನಂಗೆ ಎಷ್ಟು ಸಂತೋಸ ಆಗದೆ ಗೊತ್ತಾ' ಎಂದು ನಕ್ಕಿದ್ದಳು. ಆ ವಾರವೇ ಅವನಿಗೆ ವಾಂತಿಭೇದಿ ಹಿಡಿಯಿತು. ವಾಂತಿಭೇದಿ ಆಗ ಊರಿನ ಎಷ್ಟೋ ಮನೆಗಳಲ್ಲಿತ್ತು. ಆದರೆ ಅವ್ವನ ಪಾಲಿಗೆ ಮಗುವನ್ನು ಕೊಂದದ್ದು ಬಾವಿಕಟ್ಟೆಯಲ್ಲಿ ತಾನು ಆಡಿದ ಮಾತು, ಅದನ್ನು ಕೇಳಿಸಿಕೊಂಡ ಕಣ್ಣುಗಳು. ಆಮೇಲೆ ಅವಳು ಬಾಯಿ ಮುಚ್ಚಿದಳು. ಅವಳಿಗಾಗಿ ಮನೆಯೂ ಬಾಯಿ ಮುಚ್ಚಿತು.

ನಾನು ಹುಟ್ಟಿದಾಗ ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿದರು. ನೆರೆಮನೆಯ ಹೆಂಗಸೊಬ್ಬಳು 'ಯಾರ್ದೋ ಮೊಗ ಬಿದ್ದದೆ' ಎಂದು ಎತ್ತಿಕೊಂಡು ಬಂದಳು. ಅಜ್ಜಿ ಅವಳಿಗೆ ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು. ತಿಪ್ಪೆಯಲ್ಲಿ ಸಿಕ್ಕಿದ ಕೂಸಿನ ಮೇಲೆ ಯಾವ ಕಣ್ಣೂ ಬೀಳುವುದಿಲ್ಲ. ಹೆಸರು ತಿಪ್ಪಮ್ಮ, ಕರೆಯುವುದು ತಿಪ್ಪಿ. ಇದೆಲ್ಲ ನನ್ನನ್ನು ಉಳಿಸಿಕೊಳ್ಳುವ ಹಟ ಎಂದು ಈಗ ಗೊತ್ತು. ಎಂಟು ವರ್ಷದವಳಿಗೆ ಗೊತ್ತಿದ್ದದ್ದು ಇಷ್ಟೇ: ಗೆಳತಿಯರ ಅವ್ವಂದಿರು ಅವರನ್ನು ಬಂಗಾರ, ಚಿನ್ನ ಎನ್ನುತ್ತಾರೆ, ನನ್ನ ಅವ್ವ ಎನ್ನುವುದಿಲ್ಲ. ಹದಿನಾರರವರೆಗೆ ಮಗ್ಗಿ ತಪ್ಪಿಲ್ಲದೆ ಒಪ್ಪಿಸಿ ಬಂದು ಅವಳ ಮುಂದೆ ನಿಂತೆ. ಶಾಲೆಯಲ್ಲಿ ಎಲ್ಲರಿಗಿಂತ ಮುಂದೆ ಬಂದೆ ಎಂದು ನಿಂತೆ. ಅವಳು ನನ್ನ ಮುಖ ನೋಡುತ್ತಿದ್ದಳು, ತುಟಿ ಸ್ವಲ್ಪ ಬಿಚ್ಚುತ್ತಿತ್ತು, ಮತ್ತೆ ಹೆಬ್ಬೆರಳಿಂದ ನನ್ನ ಕೆನ್ನೆಯ ದೃಷ್ಟಿಬೊಟ್ಟನ್ನು ಒತ್ತಿ ದೊಡ್ಡದು ಮಾಡಿ, 'ಓಗು, ಕೈಕಾಲ್ ತೊಳ್ಕ' ಎನ್ನುತ್ತಿದ್ದಳು. ನನಗೆ ಒಂದು ಮಾತು ಬೇಕಿತ್ತು. ನಾನು ಇರುವುದು ಅವಳಿಗೆ ಸಂತೋಷವೋ ಅಲ್ಲವೋ, ಅಷ್ಟು.

ಆ ವರ್ಷ ಅಪ್ಪನ ತಂಗಿ ಗೌರತ್ತೆ ಚಾಮರಾಜನಗರದ ಕಾಲೇಜಿನಲ್ಲಿ ಪಿಯುಸಿ ಓದಿ, ಇಂಗ್ಲಿಷ್ ಒಂದರಲ್ಲಿ ಫೇಲಾಗಿ, ಮತ್ತೆ ಪರೀಕ್ಷೆ ಕಟ್ಟಿ ಮನೆಯಲ್ಲಿ ಕೂತಿದ್ದಳು. ಅವಳ ಬಳಿ ರಟ್ಟು ಕಿತ್ತುಹೋದ ಒಂದು ಗೈಡ್ ಇತ್ತು. ಅದರ ಕೊನೆಯಲ್ಲಿ ನುಡಿಗಟ್ಟುಗಳು: ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡದಲ್ಲಿ ಅರ್ಥ. ಅವ್ವ ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಇಂಗ್ಲಿಷ್ ಬಾರದು, ಕನ್ನಡ ಕೂಡಿಸಿಕೊಂಡು ಓದುತ್ತಿದ್ದಳು. ಹಾಗಾಗಿ ಬೆಳಗ್ಗೆ ಮುದ್ದೆಯ ಎಸರು ಕುದಿಯುವವರೆಗೆ ಅವ್ವ ಗೈಡ್ ಹಿಡಿದು ಬಲಗಡೆಯ ಅರ್ಥ ಓದಬೇಕು, ಗೌರತ್ತೆ ಒಲೆಗೆ ಬೆನ್ನು ಹಾಕಿ ನಿಂತು ಎಡಗಡೆಯದನ್ನು ಒಪ್ಪಿಸಬೇಕು. 'ಬಲು ಅಪರೂಪಕ್ಕೆ' ಎಂದು ಅವ್ವ ಅಂದರೆ 'ಒನ್ಸ್ ಇನ್ ಎ ಬ್ಲೂ ಮೂನ್' ಎಂದು ಇವಳು. ಎಲ್ಲ ಸರಾಗವಾಗಿ ನಡೆಯುತ್ತಿತ್ತು. ಒಂದು ದಿನ ಪುಟ ತಿರುಗಿಸಿದ ಅವ್ವ ಸುಮ್ಮನಾದಳು.

'ಮುಂದಿಂದು ಓದತ್ಗೆ.'

'ಅದು... ಅದು ಕಣ ಗೌರಿ.'

'ಯಾವ್ದು?'

'ಬಾಯ್ಬುಟ್ಟು ಅನ್ಬಾರ್ದಲ್ಲ, ಅದು.'

ಗೌರತ್ತೆ ತಿರುಗಿ ಬಂದು ಪುಟ ನೋಡಿದಳು. ಅತ್ಯಾನಂದ, ಪರಮಾನಂದ, ಆನಂದದಿಂದ ಹಿಗ್ಗು; ಬಲಗಡೆಯ ಸಾಲು ಪೂರ್ತಿ ಅದೇ.

'ಅಯ್ಯೋ ಅತ್ಗೆ, ಇಂಥವು ಆರವೆ! ಯಾವ್ದು ಕೇಳ್ತಿದ್ದೀಯ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?'

'ಆರೂ ಯೋಳ್ಬುಡು. ಒಂದಾದ್ರೂ ಸರಿ ಇರ್ತದೆ.'

ಅಲ್ಲಿಂದ ಮುಂದೆ ಪ್ರತಿ ಬೆಳಗ್ಗೆ ಅದೇ ಕ್ರಮ. ಅವ್ವ 'ಅದು' ಎನ್ನುವಳು, ಗೌರತ್ತೆ ಒಂದೇ ಉಸಿರಿನಲ್ಲಿ ಆರೂ ಒಪ್ಪಿಸುವಳು: ಓವರ್ ದ ಮೂನ್, ಆನ್ ಕ್ಲೌಡ್ ನೈನ್, ಇನ್ ಸೆವೆಂತ್ ಹೆವನ್, ವಾಕಿಂಗ್ ಆನ್ ಏರ್, ಜಂಪಿಂಗ್ ಫಾರ್ ಜಾಯ್, ಟಿಕಲ್ಡ್ ಪಿಂಕ್. ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನಾಲ್ಕು ದಿನ ಕೇಳಿಸಿಕೊಂಡು ಐದನೆಯ ದಿನ ಕೈ ನಿಲ್ಲಿಸಿದಳು.

'ಯಾನಮ್ಮಿ ಅದು, ಮಂತ್ರ ಯೋಳ್ದಂಗೆ?'

'ಇಂಗ್ಲಿಷಿನೋರು ತುಂಬ ಖುಷಿಯಾದ್ರೆ ಅನ್ನೋ ಮಾತು ಕಣವ್ವ. ಚಂದ್ರನಿಗಿಂತ ಮೇಲವ್ನಿ ಅಂತಾರೆ. ಒಂಬತ್ನೇ ಮೋಡದ ಮೇಲವ್ನಿ ಅಂತಾರೆ. ಏಳ್ನೇ ಸ್ವರ್ಗದಲ್ಲವ್ನಿ, ಗಾಳಿ ಮೇಲೆ ನಡೀತಾವ್ನಿ, ಎಗರಿ ಎಗರಿ ಬೀಳ್ತಾವ್ನಿ...'

'ಎಲ್ಲಾ ಮೇಲ್ಕೇ ಓಯ್ತವಲ್ಲ. ನೆಲದ್ ಮೇಲೆ ನಿಂತ್ಕಂಡು ಸಂತೋಸ ಪಡೋರು ಆ ದೇಸದಲ್ಲಿ ಒಬ್ರೂ ಇಲ್ವಾ?'

'ಒಬ್ರವ್ರೆ. ಕಚಗುಳಿ ಇಟ್ಟಂಗಾಗಿ ಮೈಯೆಲ್ಲಾ ಗುಲಾಬಿ ಬಣ್ಣ ತಿರುಗೋರು.'

'ಅದು ದಡಾರ ಕಣಮ್ಮಿ. ಬೇವಿನ್ ಸೊಪ್ಪು ಹಾಸಿ ಮಲಗಿಸ್ಬೇಕು.' ಅಜ್ಜಿ ಮತ್ತೆ ಎರಡು ಕಾಯಿ ಸುಲಿದಳು. 'ಇಷ್ಟೆಲ್ಲಾ ಬಾಯ್ಬುಟ್ಟು ಅಂತಾರಲ್ಲ, ಅವ್ರ್ಗೆ ದೃಷ್ಟಿ ಆಗಕಿಲ್ವಾ?'

ಗೌರತ್ತೆಗೆ ಪರೀಕ್ಷೆಯ ಅವಸರ. 'ಅವರೂರಿನ್ ದೃಷ್ಟಿ ಅವ್ರ್ಗೆ ಆಗ್ಬೋದು. ನಮ್ಮೂರ್ ದೃಷ್ಟಿಗೆ ಇಂಗ್ಲಿಷ್ ಎಲ್ ಬತ್ತದವ್ವ?' ಎಂದು ನಕ್ಕು ಗೈಡ್ ಕಿತ್ತುಕೊಂಡು ಹೋದಳು.

ಅವಳು ತಮಾಷೆಗೆ ಅಂದದ್ದು. ಅಜ್ಜಿ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಎರಡು ದಿನ ಯೋಚಿಸಿ, ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಹೇಳಿದಳು: 'ಯಾರ್ಗಾದ್ರೂ ತಡಿಯಕ್ಕೇ ಆಗ್ನಿಲ್ಲ ಅಂದ್ರೆ ಗೌರಿ ಮಾತ್ನಲ್ಲಿ ಅನ್ಕಳಿ. ಕನ್ನಡದಲ್ಲಿ ಬ್ಯಾಡ.'

ಆ ಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಬೆರಗು. ಇಷ್ಟು ವರ್ಷ ಮನೆಯ ಗೋಡೆಗಳ ಒಳಗೆಲ್ಲೋ ಹರಿಯುತ್ತಿದ್ದ ನೀರು ಒಮ್ಮೆಲೇ ಅಂಗಳದಲ್ಲಿ ಕಾಣಿಸಿಕೊಂಡ ಹಾಗೆ. ಮುಂಗಾರಿನ ಮೊದಲ ಹದ ಮಳೆಯಾದ ದಿನ ಅಪ್ಪ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದು ಪಡಸಾಲೆಯಲ್ಲಿ ನಿಂತು, ಸುತ್ತ ಯಾರಿದ್ದಾರೆ ಎಂದು ನೋಡಿ, 'ವಾಕಿಂಗ್ ಆನ್ ಏರು' ಎಂದ. 'ಮೊದ್ಲು ಕಾಲ್ ತೊಳ್ಕಳ್ಲಾ' ಎಂದಳು ಅಜ್ಜಿ. ಆ ಮನುಷ್ಯನ ಬಾಯಿಂದ ಅವನ ಸಂತೋಷದ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೆಸರುಗಾಲಿನ ಆ ಅಪ್ಪ ನಿಜಕ್ಕೂ ನೆಲದಿಂದ ಒಂದು ಗೇಣು ಮೇಲೆ ನಿಂತಿದ್ದಾನೆ ಎನಿಸಿ ಬಗ್ಗಿ ನೋಡಿದೆ. ಅಜ್ಜಿಗೆ ಆ ಮಾತುಗಳು ನಾಲಗೆಗೆ ಹತ್ತಲಿಲ್ಲ. ಅವಳು ಬೆರಳು ಉಪಯೋಗಿಸಿದಳು. ಪಟ್ಟಿಯಲ್ಲಿ ಎಷ್ಟನೆಯದು ಎಂದು ಲೆಕ್ಕ. ಸೆರಗಿನ ಒಳಗೇ, ನಮಗಷ್ಟೇ ಕಾಣುವಂತೆ, ಹಸು ಚೆನ್ನಾಗಿ ಕರೆದ ದಿನ ಎರಡು ಬೆರಳು, ತವರಿನ ತಮ್ಮ ಬಂದ ದಿನ ಮೂರು. ಸೆರಗಿನ ಕತ್ತಲಲ್ಲಿ ಎದ್ದು ನಿಂತ ಆ ಸುಕ್ಕುಗಟ್ಟಿದ ಬೆರಳುಗಳಷ್ಟು ದೊಡ್ಡ ಸಂಭ್ರಮವನ್ನು ನಾನು ಮುಂದೆ ಯಾವ ಮದುವೆಮನೆಯಲ್ಲೂ ಕಾಣಲಿಲ್ಲ. ಎಲ್ಲೋ ಒಂದು ದೇಶವಿದೆ, ಅಲ್ಲಿ ಖುಷಿಯಾದವರು ಚಂದ್ರನನ್ನೂ ದಾಟಿ ಹೋಗುತ್ತಾರೆ, ಮತ್ತೆ ಏನೂ ಆಗದೆ ಮನೆಗೆ ಹಿಂತಿರುಗಿ ಬರುತ್ತಾರೆ. ಸಂಜೆ ಬೇಲಿಯ ಮೇಲೆ ಚಂದ್ರ ಕಂಡರೆ ನಾನು ಅದರ ಮೇಲ್ಗಡೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದೆ.

ಅವ್ವ ಮಾತ್ರ ಒಂದನ್ನೂ ಅನ್ನಲಿಲ್ಲ. ಆರೂ ಅವಳಿಗೆ ಗೌರತ್ತೆಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಗೌರತ್ತೆ ತಪ್ಪಿದರೆ ಒಲೆಯ ಮುಂದಿನಿಂದಲೇ ತಿದ್ದುತ್ತಿದ್ದಳು. ಆದರೆ ತನಗಾಗಿ ಒಂದನ್ನೂ ತೆಗೆದುಕೊಳ್ಳಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿಬಿಟ್ಟೆ.

'ಅವ್ವ, ನಾನು ನಿಂಗೆ ಎಷ್ಟ್ನೇದು?'

ಅವ್ವನ ಕೈಯ ಹಿಟ್ಟಿನ ಕೋಲು ನಿಂತಿತು. 'ಸುಮ್ಕಿರು' ಎಂದಳು. 'ಸುಮ್ಕಿರು ತಿಪ್ಪಿ' ಎಂದಳು. ಆ ದಿನ ಮುದ್ದೆಯಲ್ಲಿ ಗಂಟು ಉಳಿದಿತ್ತು. ಅಪ್ಪ ಅದನ್ನೇ ಉಂಡ.

ನನಗೆ ಎಂಟು ತುಂಬಿದರೆ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆತರುತ್ತೇನೆ ಎಂದು ಅವ್ವ ನಾನು ಹೊಟ್ಟೆಯಲ್ಲಿದ್ದಾಗ ಹರಕೆ ಹೊತ್ತಿದ್ದಳು. ನಮ್ಮದು ಲಿಂಗ ಕಟ್ಟಿದ ಮನೆ. ಅಜ್ಜಿ ಮೊದಲು ಗೊಣಗಿದಳು, ಆಮೇಲೆ 'ದೇವ್ರು ಅವ್ರ್ದಾದ್ರೂ ಬೆಟ್ಟ ಎಲ್ರುದು' ಎಂದು ತಾನೇ ಮೊದಲು ಸೀರೆ ಮಡಿಸಿಟ್ಟಳು. ಗೌರತ್ತೆ ಪಾಸಾಗಿದ್ದಳು. ಅಪ್ಪನನ್ನು ದನಗಳ ಜೊತೆ ಬಿಟ್ಟು ನಾವು ನಾಲ್ವರು ಹೊರಟೆವು. ಗುಂಡ್ಲುಪೇಟೆಗೆ ಬಸ್ಸು, ಅಲ್ಲಿಂದ ಹಂಗಳಕ್ಕೆ ಇನ್ನೊಂದು ಬಸ್ಸು, ಮುಂದೆ ಎತ್ತಿನ ಗಾಡಿ, ಕೊನೆಗೆ ನಡಿಗೆ. ಹಂಗಳದ ಹೊಲಗಳಿಂದ ನೋಡಿದರೆ ಬೆಟ್ಟದ ತಲೆ ಬಿಳಿ ಮೋಡದಲ್ಲಿ ಮುಳುಗಿತ್ತು. ನಾನು ಮೋಡಗಳನ್ನು ಎಣಿಸಿದೆ. ಒಂಬತ್ತನೆಯದು ಯಾವುದೆಂದು ಗುರುತು ಸಿಗಲಿಲ್ಲ, ಒಂದರೊಳಗೊಂದು ಸೇರಿಹೋಗುತ್ತಿದ್ದವು.

ಮೇಲೆ ನಡೆದದ್ದನ್ನು ನಾನು ಐವತ್ತು ವರ್ಷ ಹೀಗೆ ಇಟ್ಟುಕೊಂಡಿದ್ದೇನೆ. ಗುಡಿಯ ಮುಂದೆ ಮೆಟ್ಟಿಲುಗಳ ಮೇಲೆ ಸಾಲಿನಲ್ಲಿ ನಿಂತಿದ್ದೇವೆ. ಮೋಡ ಇಳಿಯುತ್ತದೆ. ಮೊದಲು ಗೋಪುರ ಹೋಗುತ್ತದೆ, ಆಮೇಲೆ ಅಜ್ಜಿ, ಆಮೇಲೆ ಗೌರತ್ತೆ. ಅವ್ವನ ಕೈ ಮಾತ್ರ ನನ್ನ ಕೈಯಲ್ಲಿದೆ, ಅವ್ವ ಕಾಣುವುದಿಲ್ಲ. ನಮ್ಮನ್ನು ನೋಡಲು ಲೋಕದಲ್ಲಿ ಒಂದು ಕಣ್ಣೂ ಉಳಿದಿಲ್ಲ. ಆಗ ಅವಳು ಬಗ್ಗುತ್ತಾಳೆ; ಒದ್ದೆ ಕೆನ್ನೆ ನನ್ನ ಕೆನ್ನೆಗೆ ತಾಗುತ್ತದೆ; ಕಿವಿಯಲ್ಲಿ, ಉಸಿರಿನಲ್ಲೇ, ಪಟ್ಟಿಯ ಕ್ರಮದಲ್ಲೇ, ಆರೂ ಹೇಳುತ್ತಾಳೆ. ಓವರ್ ದ ಮೂನ್‌ನಿಂದ ಟಿಕಲ್ಡ್ ಪಿಂಕ್‌ವರೆಗೆ. ಆಮೇಲೆ 'ಕೇಳ್ತಾ?' ಎನ್ನುತ್ತಾಳೆ. 'ಊಂ' ಎನ್ನುತ್ತೇನೆ. ಮೋಡ ಏಳುತ್ತದೆ, ಅವಳು ಎಂದಿನ ಅವ್ವನಾಗಿ ಸೆರಗು ಸರಿಮಾಡಿಕೊಳ್ಳುತ್ತಾಳೆ. ಮನೆಗೆ ಬಂದ ಮೇಲೆ ಎಂಟು ದಿನ ನನ್ನನ್ನು ಶಾಲೆಗೆ ಕಳಿಸಲಿಲ್ಲ. ನಡುಮನೆಯಲ್ಲಿ ಚಾಪೆ, ಪಕ್ಕದಲ್ಲಿ ಅವ್ವ, ದಿನವೂ ಬೆಂಕಿಗೆ ಹಾಕಿದ ಉಪ್ಪು ಮೆಣಸಿನಕಾಯಿಯ ಚಟಪಟ. ಬೆಟ್ಟದ ಥಂಡಿಗೆ ಜ್ವರ ಬಂದಿರಬೇಕು ಎಂದುಕೊಂಡಿದ್ದೆ. ಜ್ವರದ ನೆನಪು ಮಾತ್ರ ಇಲ್ಲ.

ನನ್ನ ನೆನಪುಗಳ ಈ ಅಧ್ಯಾಯ ಬರೆಯುವಾಗ, ಕಿಟಕಿಯ ಜಗಳ ಮುಗಿಸೋಣವೆಂದು ಗುಂಡ್ಲುಪೇಟೆಗೆ ಫೋನ್ ಮಾಡಿದೆ. ಮೇಷ್ಟರ ಕೆಲಸ ಮಾಡಿ ನಿವೃತ್ತಳಾದ ಗೌರತ್ತೆ ಅಲ್ಲೇ ಮಗಳ ಮನೆಯಲ್ಲಿದ್ದಾಳೆ. ಕಿಟಕಿ ಬಗೆಹರಿಯಲಿಲ್ಲ. ಮಾತು ಬೆಟ್ಟಕ್ಕೆ ಹೋಯಿತು. ಮೋಡದ ವಿಷಯ ಹೇಳಿದೆ.

'ಮೋಡನಾ? ಎಲ್ಲಿತ್ತಮ್ಮಿ ಮೋಡ?' ಎಂದಳು. 'ನಾವು ಮೇಲೆ ಹತ್ತೋ ಹೊತ್ಗೆ ಎಲ್ಲಾ ಕರಗೋಗಿತ್ತು. ಸುಡು ಬಿಸ್ಲು. ಮೆಟ್ಲ ಮೇಲೆ ಕಾಲಿಡಕ್ಕಾಗ್ದೆ ನೀನು ನನ್ ಸೊಂಟ ಹತ್ಕಂಡಿದ್ದೆ.'

'ಅವ್ವ ನನ್ ಕಿವಿಯಲ್ಲಿ ಹೇಳಿದ್ಲು ಗೌರತ್ತೆ. ಯಾರಿಗೂ ಕಾಣ್ದಂಗೆ.'

ಆ ಕಡೆ ಮಿಕ್ಸಿಯ ಸದ್ದು ಕೇಳಿ ನಿಂತಿತು.

'ಕಿವೀಲಲ್ಲ ಕಣಮ್ಮಿ. ಸಾಲ್ನಲ್ಲಿ ಒಬ್ಳು ಹೆಂಗ್ಸು, ಒಳ್ಳೆ ಸೀರೆ ಉಟ್ಕಂಡಿದ್ಲು, ನಿನ್ ಹೆಸ್ರು ಕೇಳಿದ್ಲು. ತಿಪ್ಪಿ ಅಂದೆ ನೀನು. ಅವ್ಳು ನಕ್ಬುಟ್ಟು ನಿಮ್ಮವ್ವನ್ನ ಕೇಳಿದ್ಲು, ಯಾಕ್ ಹಿಂಗಿಟ್ರಿ, ಬ್ಯಾಡದ ಮೊಗನಾ ಅಂತ. ನೀನು ನಿಮ್ಮವ್ವನ್ ಮುಖಾನೇ ನೋಡ್ತಾ ಇದ್ದೆ. ನಾನು ಏನಾದ್ರೂ ಹೇಳ್ಬುಡನ ಅನ್ನೋದ್ರೊಳ್ಗೆ ಅತ್ಗೆ ನಿನ್ನ ನನ್ ಸೊಂಟದಿಂದ ಕಿತ್ಕಂಡ್ಲು. ಆರೂ ಹೇಳಿದ್ಲು. ಗಟ್ಯಾಗಿ, ಶಾಲೇಲಿ ಪದ್ಯ ಹೇಳ್ದಂಗೆ. ಸಾಲೆಲ್ಲಾ ತಿರುಗಿ ನೋಡ್ತು. ಆ ಹೆಂಗ್ಸಿಗೆ ಒಂದೂ ಅರ್ಥ ಆಗ್ನಿಲ್ಲ, ಬಾಯ್ಬುಟ್ಕಂಡು ನಿಂತಿದ್ಲು. ಆಗ ಅತ್ಗೆ ಕನ್ನಡದಲ್ಲೇ ಅಂದ್ಬುಟ್ಲು.'

'ಏನಂತ?'

'ಬ್ಯಾಡದ್ದಾ ಅಂತ ಕೇಳ್ತೀಯಲ್ಲವ್ವ, ಇವ್ಳು ಹುಟ್ಟಿದ್ ದಿನದಿಂದ ನನ್ ಕಾಲು ನೆಲದ ಮೇಲಿಲ್ಲ, ಅಂತ.'

ಗೌರತ್ತೆ ಹೇಳಿದ್ದೇ ಪೂರ್ತಿ ನಿಜವೆಂದು ನಾನು ಒಪ್ಪಬೇಕಾಗಿಲ್ಲ. ಕಿಟಕಿಯ ವಿಷಯದಲ್ಲಿ ಅವಳು ಖಂಡಿತ ತಪ್ಪು. ಆದರೆ ಅವಳು ಆ ಹೆಂಗಸಿನ ಪ್ರಶ್ನೆ ಹೇಳಿದೊಡನೆ ನನ್ನೊಳಗೆ ಎಂಟು ವರ್ಷದ ಒಂದು ಮಗು ಮುದುರಿಕೊಂಡಿತು. ಕೇಳದ ಮಾತಿಗೆ ಮೈ ಹಾಗೆ ಮುದುರುವುದಿಲ್ಲ. ಆ ಒಂದು ಮಾತನ್ನು ಮುಚ್ಚಲು ನನಗೆ ಇಡೀ ಬೆಟ್ಟದ ಮೋಡ ಬೇಕಾಯಿತು. ಮುಚ್ಚುವಾಗ ಅದರ ಜೊತೆಗೇ ಅವ್ವ ಮಾಡಿದ ದೊಡ್ಡ ಕೆಲಸವನ್ನೂ ಮುಚ್ಚಿಬಿಟ್ಟೆ. ಅವಳನ್ನು ಐವತ್ತು ವರ್ಷ ಪಿಸುಗುಟ್ಟುವವಳನ್ನಾಗಿ ಇಟ್ಟೆ. ಅವಳಾದರೋ ನಡು ಬಿಸಿಲಿನಲ್ಲಿ, ನೂರು ಕಣ್ಣುಗಳ ಮುಂದೆ, ದೃಷ್ಟಿಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲಿ ಆ ಮಾತನ್ನು ಆಡಿದ್ದಳು. ಬಾವಿಕಟ್ಟೆಯಲ್ಲಿ ಆಡಿದ ಅದೇ ಮಾತನ್ನು. ಹೋದ ಸಲ ಅದೇ ಮಗುವನ್ನು ಕೊಂದಿತು ಎಂದು ನಂಬಿಕೊಂಡೇ ಆಡಿದ್ದಳು.

'ಅಜ್ಜಿ?' ಎಂದೆ.

'ನಮ್ಮವ್ವ ಬೈಲಿಲ್ಲ. ನಾವು ನಿಂತಿದ್ ಜಾಗದ ಮಣ್ಣು ಮೂರು ಚಿಟ್ಕೆ ತಗಂಡು ನಿನ್ ತಲೆ ಸುತ್ತ ನಿವಾಳಿಸಿ ಹಾಕಿದ್ಲು. ಊರಿಗ್ ಬಂದ್ಮೇಲೆ ಎಂಟು ದಿನ ಅತ್ಗೆ ನಿನ್ ಪಕ್ಕದಿಂದ ಎದ್ದೇಳ್ನಿಲ್ಲ. ನೀನು ಚೆನ್ನಾಗೇ ಇದ್ದೆ, ಆಡಕ್ ಬುಡು ಅಂತ ಅಳ್ತಿದ್ದೆ. ನೀನು ಮಲಗಿದ್ರೆ ಅವ್ಳು ಮೂಗಿನ್ ಹತ್ರ ಕೈ ಹಿಡಿಯೋಳು, ಉಸ್ರಾಡ್ತಿದ್ದೀಯಾ ಅಂತ.'

ಜ್ವರ ಇರಲಿಲ್ಲ. ಜ್ವರದ ನೆನಪಿಲ್ಲದಿರುವುದು ಅದಕ್ಕೇ.

ಒಂಬತ್ತನೆಯ ದಿನದ ಬೆಳಗನ್ನು ಗೌರತ್ತೆ ಹೇಳಲಿಲ್ಲ. ಅದನ್ನು ನಾನೇ ಹೇಳಬಲ್ಲೆ. ಅವ್ವ ಅಡುಗೆಮನೆಯಲ್ಲಿ ನನ್ನ ತಲೆ ಬಾಚಿ, ಎರಡು ಜಡೆ ಹಾಕಿ, ಶಾಲೆಯ ಚೀಲ ಹೆಗಲಿಗೆ ಹಾಕುತ್ತಾಳೆ. ದೃಷ್ಟಿಬೊಟ್ಟು ಇಡಲು ಕಾಡಿಗೆಯ ಡಬ್ಬಿ ತೆಗೆದು, ಬೆರಳು ಅದ್ದಿ, ನನ್ನ ಮುಖವನ್ನೇ ನೋಡುತ್ತಾ ಕೂರುತ್ತಾಳೆ. ಹೊಸ್ತಿಲಲ್ಲಿ ಅಜ್ಜಿ. ಅವಳು ನನ್ನನ್ನು ನೋಡುವುದಿಲ್ಲ, ಸೊಸೆಯನ್ನು ನೋಡುತ್ತಾಳೆ. ಎರಡೂ ಕೈ ಮುಂದೆ ಚಾಚುತ್ತಾಳೆ. ಸೆರಗು ಹೆಗಲ ಮೇಲೇ ಇದೆ, ಕೈ ಅದರ ಹೊರಗಿದೆ. ಒಂದು ಕೈಯಲ್ಲಿ ಐದು ಬೆರಳು, ಇನ್ನೊಂದರಲ್ಲಿ ಒಂದು: ಆರೂ. ಅವುಗಳ ಮೇಲೆ ಕಿಟಕಿಯಿಂದ ಬಿಸಿಲು, ಯಾವ ಗೋಡೆಯ ಕಿಟಕಿಯಿಂದಲಾದರೂ ಸರಿ.

ಅವ್ವ ತಲೆ ತಗ್ಗಿಸಿ, ಕಾಡಿಗೆಯ ಬೆರಳನ್ನು ತನ್ನ ಸೆರಗಿಗೇ ಒರೆಸಿಕೊಂಡಳು.

'ಇರ್ಲಿ ಬುಡಿ ಅತ್ತೆ' ಎಂದಳು.